ಮರದ ತುದಿಯ ಅರ್ಧಚಂದ್ರ

ನಾನು ಚಿಕ್ಕವನಿದ್ದಾಗ ನನ್ನ ಹತ್ತಿರ ಬೇಕಾದಷ್ಟು ಇದ್ದದ್ದು ಒಂದೇ, ಹೊಟ್ಟೆಕಿಚ್ಚು. ಆಟದ ಸಾಮಾನು ಇರಲಿಲ್ಲ, ಹೊಸ ಅಂಗಿ ವರ್ಷಕ್ಕೆ ಒಂದು, ಹೈಸ್ಕೂಲಿಗೆ ಹೋಗುವವರೆಗೆ ಕಾಲಿಗೆ ಚಪ್ಪಲಿ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಮಾತ್ರ ಒಂದು ದಿನವೂ ಬರ ಬಂದದ್ದಿಲ್ಲ. ಅಷ್ಟನ್ನೂ ನಾನು ಅಕ್ಕನ ಮೇಲೆ ಸುರಿಯುತ್ತಿದ್ದೆ. ಮಕ್ಕಳೇ, ನೀವಿಬ್ಬರೂ ಫೋನಿಗಾಗಿ ಜುಟ್ಟು ಹಿಡಿದುಕೊಂಡು ಎಳೆದಾಡುವಾಗ ಅಜ್ಜ ಯಾಕೆ ಬೈಯುವುದಿಲ್ಲ ಎಂದು ನಿಮ್ಮ ಅಮ್ಮ ಕೇಳುತ್ತಾಳೆ. ಯಾವ ಬಾಯಿಂದ ಬೈಯಲಿ?

ಆಗ ನಾವು ಕೊಚ್ಚಿಯಲ್ಲಿದ್ದೆವು. ಅಪ್ಪ ಕಾಸರಗೋಡಿನ ಕಡೆಯಿಂದ ಬಂದು ಅಲ್ಲಿ ಒಬ್ಬ ಸಾಹುಕಾರರ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ಡಿಪೋ ಎಂದರೆ ದೊಡ್ಡ ಕಟ್ಟಡವೇನಲ್ಲ. ಕಾಯಲಿನ, ಅಂದರೆ ಹಿನ್ನೀರಿನ, ದಂಡೆಯಲ್ಲಿ ಒಂದು ಬಯಲು, ಬಯಲಿನ ತುಂಬ ಮರದ ದಿಮ್ಮಿಗಳು, ಒಂದು ಮೂಲೆಯಲ್ಲಿ ಹಂಚಿನ ಮಾಡಿನ ಎರಡು ಕೋಣೆ. ಆ ಎರಡು ಕೋಣೆಯೇ ನಮ್ಮ ಮನೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹಸಿ ತೇಗದ ಒಗರು ವಾಸನೆ, ನೀರಲ್ಲಿ ನೆನೆದ ತೆಂಗಿನ ನಾರಿನ ಹಗ್ಗದ ಕಮಟು, ಕೆಸರಿನ ವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಈಗಲೂ ಬಡಗಿಯ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಕಾಲು ನಿಧಾನವಾಗುತ್ತದೆ.

ಮರದ ಮಾತು ಬಂದರೆ ಸಾಕು, ನೀವು ಆನೆಯ ಕಥೆ ಕೇಳುತ್ತೀರಿ. ಆನೆಗಳು ಮೇಲೆ ಕಾಡಿನಲ್ಲಿದ್ದವಂತೆ. ನಾನು ಒಂದನ್ನೂ ನೋಡಿಲ್ಲ, ಹಾಗಾಗಿ ಬುರುಡೆ ಬಿಡುವುದಿಲ್ಲ. ನಮ್ಮಲ್ಲಿಗೆ ಮರ ನೀರಿನ ಮೇಲೆ ಬರುತ್ತಿತ್ತು. ಮಳೆಗಾಲ ಮುಗಿದು ಹೊಳೆಯ ರಭಸ ತಗ್ಗಿದ ಮೇಲೆ ದಿಮ್ಮಿಗಳನ್ನು ಒಂದರ ಪಕ್ಕ ಒಂದು ಕಟ್ಟಿ, ತೆಪ್ಪ ಮಾಡಿ, ಮೇಲಿನಿಂದ ತೇಲಿಬಿಡುತ್ತಿದ್ದರು. ಹಸಿ ತೇಗ ತಾನಾಗಿ ತೇಲುವುದಿಲ್ಲ, ಮುಳುಗಿ ಕೂರುತ್ತದೆ. ಅದಕ್ಕೆ ಇಕ್ಕೆಲದಲ್ಲೂ ಬಿದಿರಿನ ಕಟ್ಟು ಕಟ್ಟುತ್ತಿದ್ದರು. ಹಗ್ಗ ಜಾರದ ಹಾಗೆ ಪ್ರತಿ ದಿಮ್ಮಿಯ ಎರಡೂ ತುದಿಯಲ್ಲಿ ಮೇಲ್ಗಡೆಗೆ ಒಂದೊಂದು ಕಚ್ಚು ಕೊರೆದಿರುತ್ತಿತ್ತು. ಈ ಕಚ್ಚು ನಿಮಗೆ ನೆನಪಿರಲಿ. ಅದು ಮೇಲಿದ್ದರೆ ಮರ ಸರಿಯಾಗಿ ಕೂತಿದೆ ಎಂದು ಅರ್ಥ.

ತೆಪ್ಪ ನಮ್ಮ ದಂಡೆಗೆ ಬಂದರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಸಮುದ್ರದ ಭರತಕ್ಕೆ ಕಾಯಲಿನ ನೀರು ಏರಿದಾಗ ತೆಪ್ಪವನ್ನು ಆದಷ್ಟು ಒಳಗೆ ತಂದು ಕಟ್ಟುತ್ತಿದ್ದರು. ಆಮೇಲೆ ಖಲಾಸಿಗಳು ಇಳಿಯುತ್ತಿದ್ದರು. ಭಾರ ಎಳೆಯುವುದೇ ಅವರ ಕಸುಬು. ದಂಡೆಯ ಮೇಲೆ ಒಂದು ದೊಡ್ಡ ಮರದ ರಾಟೆ ನೆಟ್ಟಿತ್ತು. ಎಂಟು ಜನ ಅದರ ಕೈಗಳಿಗೆ ಎದೆ ಕೊಟ್ಟು ಸುತ್ತುತ್ತಿದ್ದರು, ಹಗ್ಗ ಸುತ್ತಿಕೊಳ್ಳುತ್ತ ದಿಮ್ಮಿಯನ್ನು ಎಳೆಯುತ್ತಿತ್ತು. ಉಳಿದವರು ಅಡಿಗೆ ತೆಂಗಿನ ಕಾಂಡದ ತುಂಡುಗಳನ್ನು ಹಾಕುತ್ತ ಓಡುತ್ತಿದ್ದರು. ಅವರ ಮುಖಂಡನನ್ನು ಎಲ್ಲರೂ ಮೂಪ್ಪನ್ ಎನ್ನುತ್ತಿದ್ದರು. ಅವನು ಒಂದು ಸಾಲು ಕೂಗಿದರೆ ಉಳಿದವರೆಲ್ಲ "ಐಲಸಾ" ಎಂದು ಒಂದೇ ದನಿಯಲ್ಲಿ ಮರು ಕೂಗುತ್ತಿದ್ದರು. ಆ "ಸಾ" ಬಂದಾಗಲೇ ಮರ ಅಲುಗುತ್ತಿತ್ತು, ಅಲ್ಲಿಯವರೆಗೆ ಇಲ್ಲ. ಒಮ್ಮೆ ಮೂಪ್ಪನ್‌ಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಆ ದಿನ ಮಧ್ಯಾಹ್ನದವರೆಗೆ ಎಳೆದರೂ ಒಂದು ದಿಮ್ಮಿ ದಂಡೆ ಹತ್ತಲಿಲ್ಲ.

ಅಪ್ಪನ ಕೆಲಸದಲ್ಲಿ ಮುಖ್ಯವಾದದ್ದು ಒಂದು ಸುತ್ತಿಗೆ. ಅದರ ಮುಖದ ಮೇಲೆ ನಮ್ಮ ಸಾಹುಕಾರರ ಗುರುತು ಉಬ್ಬಾಗಿ ಕೆತ್ತಿತ್ತು: ಕೊಂಬು ಮೇಲಾದ ಒಂದು ಅರ್ಧಚಂದ್ರ, ಅದರ ಕೆಳಗೆ ಒಂದು ಗೆರೆ. ದಿಮ್ಮಿಯ ತುದಿಗೆ ಅದರಿಂದ ಒಂದು ಪೆಟ್ಟು ಕೊಟ್ಟರೆ ಗುರುತು ಮರದೊಳಗೆ ಇಳಿದು ಕೂರುತ್ತಿತ್ತು. ನಮ್ಮ ದಂಡೆಯ ನೀರಿನಲ್ಲಿ ಹತ್ತಾರು ಸಾಹುಕಾರರ ಮರ ಅಕ್ಕಪಕ್ಕ ತೇಲುತ್ತಿರುವಾಗ ಯಾವುದು ಯಾರದ್ದೆಂದು ಹೇಳುವುದು ಆ ಗುರುತೇ. ಅರಣ್ಯ ಇಲಾಖೆಯವರು ನೋಡುವುದೂ ಅದನ್ನೇ. ಸುತ್ತಿಗೆಯನ್ನು ಅಪ್ಪ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ದೇವರ ಫೋಟೊದ ಕೆಳಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

ಆ ಸುತ್ತಿಗೆಯನ್ನು ಅಪ್ಪ ಅಕ್ಕನಿಗೆ ಕೊಡುತ್ತಿದ್ದರು. ನನಗೆ ಕೊಡುತ್ತಿರಲಿಲ್ಲ.

ಅಕ್ಕನಿಗೆ ಹನ್ನೆರಡು, ನನಗೆ ಎಂಟು. ಶಾಲೆ ಇಲ್ಲದ ದಿನ ಅಕ್ಕ ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಅಪ್ಪನ ಹಿಂದೆ ದಿಮ್ಮಿಗಳ ಸಾಲಿಗೆ ಹೋಗುತ್ತಿದ್ದಳು. ಅಪ್ಪ ಅಳತೆ ಹಿಡಿಯುತ್ತಿದ್ದರು, ಅಕ್ಕ ಮುದ್ರೆ ಹೊಡೆಯುತ್ತಿದ್ದಳು. ಠಪ್ ಎಂದು ಒಂದೇ ಪೆಟ್ಟು, ಚಂದ್ರ ನೆಟ್ಟಗೆ. ಖಲಾಸಿಗಳು "ಗುಮಾಸ್ತತ್ತಿ ಬಂದಳು" ಎಂದು ತಮಾಷೆ ಮಾಡಿ ದಾರಿ ಬಿಡುತ್ತಿದ್ದರು. ನಾನು ಜಗಲಿಯ ಮೇಲೆ ಕೂತು ಉಗುರು ಕಚ್ಚುತ್ತಿದ್ದೆ. ಗಂಡು ಹುಡುಗ ನಾನು! ಒಂದು ಸಲ ಕೇಳಿಯೂ ಕೇಳಿದೆ. ಅಪ್ಪ ನನ್ನ ಕೈಯನ್ನು ನೋಡಿ, "ನಿನಗೆ ಆಗುದಿಲ್ಲ" ಎಂದಷ್ಟೇ ಹೇಳಿ ಹೋದರು. ಯಾಕೆ ಎಂದು ಹೇಳಲಿಲ್ಲ. ಅಪ್ಪ ಯಾವುದಕ್ಕೂ ಯಾಕೆ ಎಂದು ಹೇಳುವವರಲ್ಲ. ಅಕ್ಕನ ಮೇಲೆ ಪ್ರೀತಿ ಹೆಚ್ಚು, ನನ್ನ ಮೇಲೆ ಕಡಿಮೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ನಾನು ಎಡಚ. ಊಟವನ್ನು ಮಾತ್ರ ಅಮ್ಮ ಹೊಡೆದು ಬಡಿದು ಬಲಗೈಯಲ್ಲಿ ಮಾಡಿಸಿದ್ದರು. ಕಲ್ಲು ಬೀಸುವುದು, ಬುಗುರಿ ಬಿಡುವುದು ಎಲ್ಲ ಎಡಗೈಯಲ್ಲೇ. ಶಾಲೆಯಲ್ಲಿ ಮೇಷ್ಟರು ನನ್ನ ಎಡಗೈಯ ಬೆರಳಿನ ಗಂಟಿಗೆ ಹೊಡೆದ ಪೆಟ್ಟು ಎಷ್ಟೆಂದು ನನಗೇ ಗೊತ್ತಿಲ್ಲ.

ಅವತ್ತು ಶನಿವಾರ. ಬೆಳಿಗ್ಗೆ ಎರಡು ತೆಪ್ಪ ಬಂದಿದ್ದವು. ಒಂದು ನಮ್ಮದು, ಇನ್ನೊಂದು ಪಕ್ಕದ ಡಿಪೋದವರದು. ನಡುವೆ ಗಡಿಯೆಂದು ಒಂದು ಬಿದಿರಿನ ಗಳ ನೆಟ್ಟಿದ್ದರು. ಅಕ್ಕ ನಾಲ್ಕು ದಿಮ್ಮಿಗೆ ಮುದ್ರೆ ಹೊಡೆದು ಬಂದಳು. ಅಮ್ಮ ಅವಳಿಗೆ ಗಂಜಿಯ ಜೊತೆ ಒಂದು ಹಪ್ಪಳ ಹೆಚ್ಚಿಗೆ ಸುಟ್ಟು ಕೊಟ್ಟರು. "ಕೆಲಸ ಮಾಡಿದವಳಲ್ವಾ" ಎಂದರು. ಒಂದು ಹಪ್ಪಳ ಮಕ್ಕಳೇ! ಅದನ್ನು ಅಕ್ಕ ಕರುಂ ಕರುಂ ಎಂದು ಕಡಿಯುವ ಸದ್ದು ನನ್ನ ಹೊಟ್ಟೆಯೊಳಗೆ ಕೇಳಿಸಿತು.

ಊಟದ ಮೇಲೆ ಅಪ್ಪ ಚಾಪೆಯ ಮೇಲೆ ಒರಗಿದರು. ಇಳಿತದ ಹೊತ್ತು, ನೀರು ದೂರ ಹೋಗಿ ಎರಡೂ ತೆಪ್ಪ ಕೆಸರಿನ ಮೇಲೆ ಕೂತಿದ್ದವು. ಖಲಾಸಿಗಳು ಶೆಡ್ಡಿನ ಆಚೆ ಬದಿಯಲ್ಲಿ ಬೇಯಿಸಿದ ಮರಗೆಣಸು ತಿನ್ನುತ್ತಿದ್ದರು. ಸುತ್ತಿಗೆ ಇನ್ನೂ ಪೆಟ್ಟಿಗೆ ಸೇರಿರಲಿಲ್ಲ, ಜಗಲಿಯ ಮೇಲೆಯೇ ಇತ್ತು. ನಾನು ಅದನ್ನು ಅಂಗಿಯೊಳಗೆ ಹಾಕಿಕೊಂಡು ಕೆಸರಿಗೆ ಇಳಿದೆ. ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಒಂದು ದಿಮ್ಮಿ ಮುದ್ರೆಯಿಲ್ಲದೆ ಬೋಳಾಗಿ ಕಂಡಿತು. ಅಕ್ಕ ಇದೊಂದನ್ನು ಬಿಟ್ಟಿದ್ದಾಳೆ, ಇದು ನನ್ನದು ಎಂದು ಅದರ ಎದುರು ನಿಂತೆ. ಎರಡೂ ಕಾಲು ಊರಿ, ಉಸಿರು ಕಟ್ಟಿ, ಬೀಸಿ ಹೊಡೆದೆ. ಠಪ್ ಎಂದಿತು. ತೇಗದ ಒಂದು ಚೂರು ಹಾರಿ ಕೆನ್ನೆಗೆ ಬಡಿಯಿತು. ಅಷ್ಟು ಖುಷಿ ನನಗೆ ಅಲ್ಲಿಯವರೆಗೆ ಆಗಿರಲಿಲ್ಲ. ಮುದ್ರೆಯನ್ನು ಸರಿಯಾಗಿ ನೋಡುವ ಪುರುಸೊತ್ತೂ ಇಲ್ಲದೆ ಓಡಿ ಬಂದು ಸುತ್ತಿಗೆಯನ್ನು ಇದ್ದಲ್ಲೇ ಇಟ್ಟೆ.

ನನಗೆ ಗೊತ್ತಿಲ್ಲದ್ದು ಎರಡು ಸಂಗತಿ. ಒಂದು, ದಿಮ್ಮಿಗೆ ಮುದ್ರೆ ಹೊಡೆಯುವುದು ಒಂದೇ ತುದಿಗೆ, ಇನ್ನೊಂದು ತುದಿ ಬೋಳಾಗಿಯೇ ಇರುತ್ತದೆ. ಇನ್ನೊಂದು, ಇಳಿತದಲ್ಲಿ ಪಕ್ಕದವರ ತೆಪ್ಪ ಜಾರಿ, ಅವರ ಒಂದು ದಿಮ್ಮಿಯ ತುದಿ ಬಿದಿರಿನ ಗಳವನ್ನು ದಾಟಿ ನಮ್ಮ ಕಡೆಗೆ ಚಾಚಿತ್ತು. ನಾನು ಹೊಡೆದದ್ದು ಆ ದಿಮ್ಮಿಗೆ.

ನಾಲ್ಕು ಗಂಟೆಗೆ ನೀರು ಏರತೊಡಗಿತು. ಪಕ್ಕದ ಡಿಪೋದ ಗುಮಾಸ್ತರು ತಮ್ಮ ಮರ ಎಳೆಸಲು ಬಂದರು. ಉದ್ದಕ್ಕೆ ಸಣಕಲಾಗಿ ಇದ್ದ, ಮಳೆಯಿಲ್ಲದಿದ್ದರೂ ಕೊಡೆ ಹಿಡಿದು ತಿರುಗುವ ಮನುಷ್ಯ. ಅವರು ತಮ್ಮ ದಿಮ್ಮಿಯ ತುದಿ ನೋಡಿದರು. ಕೊಡೆ ಮಡಚಿದರು. ಆಮೇಲೆ ಅಪ್ಪನ ಹೆಸರು ಹಿಡಿದು ಕೂಗಿದ ಕೂಗಿಗೆ ಶೆಡ್ಡಿನ ಮೇಲಿನ ಕಾಗೆಗಳು ಎದ್ದವು.

ಪರರ ಮರಕ್ಕೆ ನಮ್ಮ ಮುದ್ರೆ ಎಂದರೆ ಕಳ್ಳತನ, ಬೇರೆ ಅರ್ಥವೇ ಇಲ್ಲ. ಅವರು ಮಲಯಾಳದಲ್ಲಿ ಅದನ್ನೇ ಹೇಳಿದರು, ಇಷ್ಟು ವರ್ಷದ ನೆರೆಹೊರೆಗೆ ಇದಾ ಮರ್ಯಾದೆ, ನಾಳೆಯೇ ಅರಣ್ಯ ಇಲಾಖೆಯ ರೇಂಜರರಿಗೆ ತಿಳಿಸುತ್ತೇನೆ ಎಂದರು. ಮಾತು ರೇಂಜರರವರೆಗೆ ಹೋದರೆ ಅಪ್ಪನ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಆ ಎರಡು ಕೋಣೆಯೂ ಹೋಗುತ್ತಿತ್ತು. ಖಲಾಸಿಗಳು ಸುತ್ತ ನಿಂತಿದ್ದರು. ಅಪ್ಪ ಬಗ್ಗಿ ಮುದ್ರೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಅಪ್ಪನ ಮುಖ ಅಷ್ಟು ಬಿಳುಚಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾನು ಹೇಳಬೇಕು, ನಾನು ಎಂಬ ಎರಡೇ ಅಕ್ಷರ. ನಾಲಿಗೆ ಅಂಗುಳಿಗೆ ಅಂಟಿ ಕೂತಿತ್ತು.

"ನಾನು" ಎಂದಳು ಅಕ್ಕ. "ನಾನು ಹೊಡೆದದ್ದಪ್ಪ. ನಮ್ಮದೇ ಮರ ಅಂತ ಎಣಿಸಿದೆ."

ಮೂಪ್ಪನ್ ಮುಂದೆ ಬಂದು, "ಕುಟ್ಟಿಗಳು, ಮಕ್ಕಳಲ್ಲವೇ ಗುಮಾಸ್ತರೇ, ಕಳ್ಳರು ಹಗಲು ಹೊತ್ತು ಹೊಡೆಯುತ್ತಾರಾ?" ಎಂದ. ಕೊಡೆಯವರು ಮೆತ್ತಗಾದರೂ ಮುದ್ರೆ ಇದ್ದಷ್ಟು ದಿನ ಮರ ತಮ್ಮದಲ್ಲ ಎಂದರು. ಮುದ್ರೆಯನ್ನು ಉಜ್ಜಿ ತೆಗೆಯುವ ಹಾಗಿಲ್ಲ, ಉಜ್ಜಿದರೆ ಅದೇ ದೊಡ್ಡ ಅಪರಾಧ. ಕೊನೆಗೆ ಮೂಪ್ಪನ್‌ನೇ ದಾರಿ ಹೇಳಿದ. ಇಬ್ಬರೂ ಗುಮಾಸ್ತರ ಕಣ್ಣೆದುರೇ ತುದಿಯನ್ನು ನಾಲ್ಕು ಬೆರಳು ದಪ್ಪಕ್ಕೆ ಕೊಯ್ದು ತೆಗೆಯುವುದು. ತುದಿ ಹೇಗೂ ಬಿರುಕು ಬಿಟ್ಟಿರುತ್ತದೆ, ಮಿಲ್ಲಿನಲ್ಲಿ ಕತ್ತರಿಸಿ ಎಸೆಯುವುದೇ. ಇಬ್ಬರು ಉದ್ದ ಗರಗಸ ತಂದರು. ಗರಗಸದ ಸದ್ದಿನಲ್ಲಿ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಹಳದಿ ಹುಡಿ ನೀರಿನ ಮೇಲೆ ಹರಡಿತು. ದುಂಡನೆಯ ತುಂಡು ಕಳಚಿ ಕೆಸರಿಗೆ ಬಿದ್ದಾಗ ಅಪ್ಪ ಅದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು.

"ಇನ್ನು ನೀನು ಸುತ್ತಿಗೆ ಮುಟ್ಟುದು ಬೇಡ" ಎಂದು ಅಕ್ಕನಿಗೆ ಹೇಳಿದರು. ಅಕ್ಕ ತಲೆ ಅಲ್ಲಾಡಿಸಿದಳು. ಅವಳು ಅತ್ತದ್ದು ಹಿತ್ತಲಿನ ಬಾವಿಯ ಹತ್ತಿರ, ಮುಖ ತೊಳೆಯುವ ನೆಪದಲ್ಲಿ.

ಈಗ ನಾಚಿಕೆಯ ಮಾತು ಹೇಳುತ್ತೇನೆ. ಆಗಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಮರುದಿನ ಖಲಾಸಿಗಳೆಲ್ಲ ಅಕ್ಕನ ಬಗ್ಗೆಯೇ ಮಾತಾಡುತ್ತಿದ್ದರು. ಎಷ್ಟು ಧೈರ್ಯ ಹುಡುಗಿಗೆ, ಅಪ್ಪನ ಮಾನ ಉಳಿಸಿದಳು ಎಂದರು. ಮೂಪ್ಪನ್ ಅವಳಿಗೆ ಒಂದು ಎಳನೀರು ಕೆತ್ತಿ ಕೊಟ್ಟ. ತಪ್ಪು ಮಾಡಿದ್ದು ನಾನು, ಎಳನೀರು ಅವಳಿಗೆ! ನನ್ನ ತಪ್ಪನ್ನೂ ಇವಳು ಕಿತ್ತುಕೊಂಡಳಲ್ಲ ಎಂದು ಉರಿದುಕೊಂಡೆ.

ಮುಂದಿನ ಶನಿವಾರ ಅಪ್ಪ ನನ್ನನ್ನು ಕರೆದರು. ಹೊಸ ತೆಪ್ಪ ಬಂದಿತ್ತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ನಮ್ಮದೇ ಒಂದು ದಿಮ್ಮಿಯ ಎದುರು ನಿಲ್ಲಿಸಿದರು. "ಹೊಡಿ" ಎಂದರು. ಅಷ್ಟು ವರ್ಷ ಕಾದದ್ದು ಕೈಗೆ ಬಂದಿತ್ತು. ಅಕ್ಕ ಜಗಲಿಯಲ್ಲಿ ನಿಂತಿದ್ದಳು, ಅವಳು ನೋಡಲಿ ಎಂದು ಎದೆ ಉಬ್ಬಿಸಿ ಹೊಡೆದೆ.

ಚಂದ್ರ ತಲೆಕೆಳಗಾಗಿತ್ತು. ಹಗ್ಗದ ಕಚ್ಚು ಮೇಲೆ, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಕೊಂಬು ಇಳಿಬಿಟ್ಟ ಚಂದ್ರ. ಮೊದಲು ನನಗೆ ಅರ್ಥವಾಗಲಿಲ್ಲ. ಅಪ್ಪ ಸುತ್ತಿಗೆಯನ್ನು ತಮ್ಮ ಬಲಗೈಯಲ್ಲಿ ಹಿಡಿದು ಪಕ್ಕದಿಂದ ಬೀಸಿ ತೋರಿಸಿದರು. ಹಿಡಿ ಬಲಕ್ಕೆ ಬಂತು. ಆಮೇಲೆ ಅದನ್ನೇ ಎಡಗೈಯಲ್ಲಿ ಹಿಡಿದು ಬೀಸಿದರು. ಹಿಡಿ ಎಡಕ್ಕೆ ಬಂತು, ಸುತ್ತಿಗೆಯ ಮುಖ ತಿರುಗಿಬಿಟ್ಟಿತು. ಆ ಸುತ್ತಿಗೆ ಬಲಗೈಯವರಿಗಾಗಿ ಮಾಡಿದ್ದು. ಎಡಚ ಹೊಡೆದರೆ ಚಂದ್ರ ತಲೆಕೆಳಗಾಗುತ್ತದೆ. ನನಗೆ ಆಗುವುದಿಲ್ಲ ಎಂದು ಅಪ್ಪ ಹೇಳಿದ್ದು ಇದಕ್ಕೆ. ಕಳೆದ ಶನಿವಾರ ಆ ಮುದ್ರೆಯನ್ನು ಅಷ್ಟು ಹೊತ್ತು ನೋಡಿ ನನ್ನ ಕಡೆಗೆ ತಿರುಗಿದ್ದೂ ಇದಕ್ಕೆ. ಆ ಡಿಪೋದಲ್ಲಿ ಎಡಚ ಇದ್ದದ್ದು ನಾನೊಬ್ಬನೇ.

ಅಪ್ಪನಿಗೆ ಗೊತ್ತಿತ್ತು. ವಾರವಿಡೀ ಅವರು ನಾನೇ ಬಂದು ಹೇಳಲಿ ಎಂದು ಕಾದಿದ್ದರು. ಆಗಲೂ, ಸುತ್ತಿಗೆ ಹಿಡಿದು ಎದುರು ನಿಂತಾಗಲೂ ಕಾದರು. ನಾನು ಕೆಸರನ್ನೇ ನೋಡುತ್ತ ನಿಂತೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಅಕ್ಕನನ್ನು ಕರೆದು ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟರು. ಅವತ್ತು ಕೊಯ್ದಿದ್ದ ತುಂಡನ್ನು ಆ ವಾರವೇ ಬಡಗಿಯಿಂದ ಹೆರೆಸಿ, ಅಡಿಗೆ ಮೂರು ಕಾಲು ಹಾಕಿಸಿ, ಕೂರುವ ಮಣೆ ಮಾಡಿಸಿದರು. ಮುದ್ರೆಯನ್ನೂ ಅಂಚಿನ ಕಚ್ಚನ್ನೂ ಹಾಗೆಯೇ ಉಳಿಸಿದರು. "ಇದು ಅಕ್ಕನಿಗೆ" ಎಂದರು. ನಮ್ಮ ಮನೆಯಲ್ಲಿ ಅಷ್ಟು ಚಂದದ ಸಾಮಾನು ಬೇರೆ ಇರಲಿಲ್ಲ. ಅಕ್ಕ ಮದುವೆಯಾಗಿ ಹೋಗುವಾಗಲೂ ಅದನ್ನು ತೆಗೆದುಕೊಂಡು ಹೋದಳು.

ಆಮೇಲೆ ಲಾರಿಗಳು ಬಂದವು, ತೆಪ್ಪಗಳು ನಿಂತವು. ನಾನು ಓದಿ ಬ್ಯಾಂಕಿನ ಕೆಲಸಕ್ಕೆ ಸೇರಿ, ಹತ್ತು ಊರು ತಿರುಗಿ, ಕೊನೆಗೆ ತಿರುವನಂತಪುರದ ಪಟ್ಟಂನಲ್ಲಿ ನಿಂತೆ. ಅಕ್ಕ ಕೊಚ್ಚಿಯಲ್ಲೇ ಉಳಿದಳು.

ಕಳೆದ ಓಣಂ ರಜೆಯಲ್ಲಿ ತಂಪಾನೂರಿನಲ್ಲಿ ರೈಲು ಹತ್ತಿ ನಾವು ಮೂವರೂ ಅವಳ ಮನೆಗೆ ಹೋದೆವಲ್ಲ. ಒಂಬತ್ತನೇ ಮಹಡಿ. ಬಾಲ್ಕನಿಯಿಂದ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಂಡವು. ಈಗ ಮರ ಎಲ್ಲಿಂದಲೋ ಹಡಗಿನಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ ಬರುತ್ತದೆ, ಪೆಟ್ಟಿಗೆ ಎಲ್ಲಿ ತಲುಪಿತೆಂದು ಫೋನಿನಲ್ಲೇ ನೋಡಬಹುದು ಎಂದು ನೀವು ನನಗೆ ವಿವರಿಸಿದಿರಿ. ಒಬ್ಬನೇ ಮನುಷ್ಯ ಮೇಲೆ ಗಾಜಿನ ಕೋಣೆಯಲ್ಲಿ ಕೂತು ಒಂದು ತೆಪ್ಪದಷ್ಟು ಭಾರವನ್ನು ಎತ್ತಿ ಇಡುತ್ತಿದ್ದ. ಐಲಸಾ ಇಲ್ಲ, ಬೆವರಿಲ್ಲ. ಮೂಪ್ಪನ್‌ನ ಪರವಾಗಿ ನನಗೆ ಅವನ ಮೇಲೂ ಹೊಟ್ಟೆ ಉರಿಯಿತು. ಪೆಟ್ಟಿಗೆಗೆ ಗುರುತು ಯಾರು ಹೊಡೆಯುತ್ತಾರೆ ಎಂದು ಕೇಳಿದೆ. ಸ್ಟಿಕ್ಕರ್ ಅಂಟಿಸುತ್ತಾರೆ, ತಪ್ಪಾದರೆ ಕಿತ್ತು ಬೇರೆ ಹಾಕುತ್ತಾರೆ ಎಂದಿರಿ. ಅಷ್ಟು ಸುಲಭ!

ಒಳಗೆ ಬಂದಾಗ ಮಣೆ ಕಣ್ಣಿಗೆ ಬಿತ್ತು. ಪುಟ್ಟಾ, ನೀನು ಅದರ ಮೇಲೆ ಕೂರಲು ಹೋದವನು ನಿಂತು, ಈ ಮುದ್ರೆ ಹೊಡೆದವರು ಯಾರು ಎಂದು ಮಲಯಾಳದಲ್ಲಿ ಕೇಳಿದೆ. ದೊಡ್ಡಜ್ಜಿ ಕಣ್ಣು ಮಿಟುಕಿಸದೆ "ನಾನೇ" ಎಂದಳು. ಎಂಬತ್ತೆರಡು ವರ್ಷದ ಮುದುಕಿ, ಇನ್ನೂ ಅದೇ ಮಾತು. ನೀನು ಬಿಡಲಿಲ್ಲ. ಸುತ್ತಿಗೆಯ ಕಥೆಯನ್ನು ಅರ್ಧ ಕೇಳಿದ್ದ ನೀನು ಟಿವಿಯ ರಿಮೋಟನ್ನು ಸುತ್ತಿಗೆಯಂತೆ ಹಿಡಿದು ಬಲಗೈಯಲ್ಲಿ ಬೀಸಿದೆ, ಎಡಗೈಯಲ್ಲಿ ಬೀಸಿದೆ, ಕಚ್ಚು ನೋಡಿದೆ, ಚಂದ್ರ ನೋಡಿದೆ. ನೀನೂ ನನ್ನ ಹಾಗೆ ಎಡಚನಲ್ಲವೇ. "ದೊಡ್ಡಜ್ಜಿ ಲೆಫ್ಟಾ?" ಎಂದೆ.

ಅಕ್ಕ ನನ್ನನ್ನು ನೋಡಿದಳು. ಅವತ್ತು ಅಪ್ಪ ನೋಡಿದ ಹಾಗೆಯೇ. ನನ್ನ ನಾಲಿಗೆ ಮತ್ತೆ ಅಂಗುಳಿಗೆ ಅಂಟಿತು. ಎಳೆದು ಬಿಡಿಸಿದೆ.

"ಅಲ್ಲ, ನಾನು" ಎಂದೆ.

"ಎಪ್ಪತ್ತು ವರ್ಷ ಬೇಕಾಯ್ತು ಮಾರಾಯ ನಿನಗೆ" ಎಂದು ಅಕ್ಕ ನಕ್ಕಳು. ಆಮೇಲೆ ಮಣೆಯನ್ನು ಸೆರಗಿನಿಂದ ಒರೆಸಿ ನನ್ನ ಕಡೆಗೆ ತಳ್ಳಿದಳು. "ಇಕಾ, ತಕೊಂಡು ಹೋಗು. ಇದು ನಿನ್ನದೇ ಅಲ್ವಾ. ನೀನು ಕೇಳ್ಲಿ ಅಂತ ಇಟ್ಟದ್ದು."

ಹಾಗೆ ಅದು ನಮ್ಮ ಮನೆಗೆ ಬಂತು. ಈಗ ಅದರ ಮೇಲೆ ನೀವಿಬ್ಬರೂ ಸರದಿಗಾಗಿ ಕಿತ್ತಾಡಿಕೊಂಡು ಕೂರುತ್ತೀರಿ. ಪುಟ್ಟಾ, ನೀನು ಅದರ ಮೇಲೆ ಕೂತು ಎಡಗೈಯಲ್ಲಿ ಬರೆಯುತ್ತೀ. ನಿನ್ನ ಬೆರಳಿನ ಗಂಟಿಗೆ ಯಾರೂ ಹೊಡೆಯುವುದಿಲ್ಲ. ನಿನಗಾಗಿ ಎಡಗೈಯ ಕತ್ತರಿಯನ್ನೇ ನಿನ್ನ ಅಮ್ಮ ತರಿಸಿಕೊಟ್ಟಿದ್ದಾಳೆ. ಅದನ್ನು ನೋಡಿದಾಗಲೆಲ್ಲ ಈ ಮುದುಕನಿಗೆ ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚಾಗುತ್ತದೆ ಎಂದು ನಿನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚು ಆಗುವುದು ಅಕ್ಕನ ಮೇಲೆ. ಅಷ್ಟು ಚಂದದ ಮಣೆಯನ್ನು ಅಷ್ಟು ಸುಲಭವಾಗಿ ಕೊಟ್ಟುಬಿಡಲು ಅವಳಿಗೆ ಹೇಗೆ ಆಯಿತೋ, ನನಗೆ ಆಗುತ್ತಿರಲಿಲ್ಲ.

ಅಜ್ಜಾ, ನೀನೂ ಕೂತ್ಕೋ ಎಂದು ನೀವು ಕರೆಯುತ್ತೀರಿ. ಮಂಡಿ ನೋವು ಎಂದು ಹೇಳಿ ನಾನು ಕುರ್ಚಿಯಲ್ಲಿ ಕೂರುತ್ತೇನೆ. ಮಂಡಿ ನೋವೂ ಇದೆ, ಸುಳ್ಳಲ್ಲ. ಆದರೆ ಆ ಮಣೆಯ ಮೇಲೆ ನಾನು ಇನ್ನೂ ಒಮ್ಮೆಯೂ ಕೂತಿಲ್ಲ.